ಬಚ್ಚಲಿಗೆ ಸುರಿದ ಎಣ್ಣೆ

ಹೋದ ವಾರ ನಮ್ಮ ಅಂಗಡಿಗೆ ಒಬ್ಬ ಸೇಲ್ಸ್‌ಮನ್ ಬಂದಿದ್ದ. ಬ್ಯಾಗಿನಿಂದ ಹೆಬ್ಬೆರಳಿನಷ್ಟು ಗಾತ್ರದ ಬಾಟಲಿ ತೆಗೆದ, ಮುಚ್ಚಳ ತಿರುಗಿಸಿ ನನ್ನ ಮೂಗಿನ ಹತ್ತಿರ ಹಿಡಿದ.

"ವಾಸನೆ ನೋಡ್ರಿ ಅಕ್ಕಾ. ಗಿಡದ ಎಣ್ಣೆ. ಹತ್ತಿ ಉಂಡಿಗೆ ಹನಿಸಿ ಕಾಳಿನ ಡಬ್ಬಿಯೊಳಗ ಇಟ್ರೆ ನುಸಿ ಹತ್ತಲ್ಲ. ಕೆಮಿಕಲ್ ಇಲ್ಲ. ಹೊಸಾ ಐಟಮ್."

ನಿಂಬೆಹುಲ್ಲಿನ ವಾಸನೆ. ಅದರ ಹಿಂದೆ ತೆಳ್ಳಗೆ ಬಜೆಯ ಘಾಟು... ನನ್ನ ಕೈ ತಕ್ಕಡಿಯ ಮೇಲೆ ಹಾಗೇ ನಿಂತುಬಿಟ್ಟಿತು.

"ಹೊಸದಲ್ಲಪ್ಪ ಇದು. ತಗೊಂಡು ಹೋಗು" ಅಂದೆ. ದನಿ ಯಾಕೆ ಅಷ್ಟು ಗಡುಸಾಯಿತೋ ಅವನಿಗೆ ತಿಳಿಯಲಿಲ್ಲ. ಬಿಸಿಲಲ್ಲಿ ಬೈಕು ಓಡಿಸಿಕೊಂಡು ಬಂದವನು, ಅವನದೇನೂ ತಪ್ಪಿಲ್ಲ. ಬಾಟಲಿ ಒಳಗಿಟ್ಟುಕೊಂಡು ಹೋದ. ಕೌಂಟರಿಗೆ ಬಿದ್ದಿದ್ದ ಒಂದು ಹನಿ ಮಾತ್ರ ಸಂಜೆಯವರೆಗೂ ಘಮಗುಟ್ಟುತ್ತಿತ್ತು. ಸಕ್ಕರೆಗೆ ಬಂದವರು, ಸೋಪಿಗೆ ಬಂದವರು, "ಊದಿನಕಡ್ಡಿ ಹಚ್ಚೀರೇನು?" ಅಂತ ಕೇಳಿದರು. ವಯಸ್ಸಾದಂತೆ ಸಿಟ್ಟು ಮೆತ್ತಗಾಗುತ್ತದೆ ಅನ್ನುತ್ತಾರೆ. ನನ್ನದು ಆಗಿಲ್ಲ. ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ದಾವಣಗೆರೆಯ ಸರಸ್ವತಿ ನಗರದಲ್ಲಿ ನಮ್ಮದು ದಿನಸಿ ಅಂಗಡಿ. ಎದುರಿಗೆ ಒಂದು ವಠಾರ, ಒಂದೇ ಸಾಲಿನಲ್ಲಿ ಬಾಡಿಗೆ ಮನೆಗಳು. ಅದರ ಕೊನೆಯ ಮನೆಗೆ ಬಂದಿದ್ದವರು ಕೆಮಿಸ್ಟ್ರಿ ಮೇಡಂ. ಹರಿಹರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ರಿಟೈರ್ ಆಗಿದ್ದರು. ಮದುವೆ ಮಾಡಿಕೊಂಡಿರಲಿಲ್ಲ. ಹರಿಹರದಲ್ಲಿ ಹೊಳೆಗೆ ಹತ್ತಿರದ ಹಳೇ ಓಣಿಯಲ್ಲಿ ತಮ್ಮನ ಮನೆಯಿತ್ತು, ಅವರಿಗೂ ಅದರಲ್ಲಿ ಒಂದು ಕೋಣೆಯಿತ್ತು. "ಅಲ್ಲಿ ದಿನಾ ಟೀವಿ ಗಲಾಟೆ, ನನಗೆ ಓದೋಕೆ ಆಗಲ್ಲ" ಅಂತ ದಾವಣಗೆರೆಗೆ ಬಂದು ಒಬ್ಬರೇ ಇದ್ದರು. ದಪ್ಪ ಹತ್ತಿ ಸೀರೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದು, ನೇರ ನಡಿಗೆ. ಸಿಟ್ಟಿನ ಹೆಂಗಸು. ಅವರ ಹಳೇ ವಿದ್ಯಾರ್ಥಿಗಳು ನನ್ನ ಅಂಗಡಿಗೆ ಬಂದಾಗ ಮೇಡಂ ಮನೆಯಲ್ಲಿದ್ದಾರಾ ಅಂತ ಮೊದಲು ಕೇಳುತ್ತಿದ್ದರು, ಆಮೇಲೆ ದನಿ ಇಳಿಸಿ, ಮೂಡು ಹೆಂಗೈತೆ ಅಂತ ಕೇಳುತ್ತಿದ್ದರು.

ನನಗೂ ಅವರ ಪರಿಚಯವಾಗಿದ್ದು ಜಗಳದಿಂದಲೇ. ಬೆಳಿಗ್ಗೆ ಒಯ್ದ ತೊಗರಿಬೇಳೆಯನ್ನು ಮಧ್ಯಾಹ್ನ ವಾಪಸ್ ತಂದು, ಗಿರಾಕಿಗಳ ಎದುರಿಗೇ ಪೇಪರ್ ಹಾಸಿ ಸುರಿದರು. ಬೇಳೆಯ ನಡುವೆ ಹುಳ ಹರಿದಾಡುತ್ತಿದ್ದವು.

"ಇದು ಬ್ಯಾಳೆನಾ, ಹುಳದ ಸಂತೇನಾ?"

ನನಗೂ ರೇಗಿತು. "ಎಲ್ಲರ ಅಂಗಡಿಯೊಳಗೂ ಹಿಂಗೇ ಬರೋದು ಮೇಡಂ. ನಮ್ಮನೆಯವರು ಚೀಲಕ್ಕೆ ಗುಳಿಗೆ ಹಾಕ್ತಾರೆ. ಈ ಸಲ ಹಾಕೋದು ತಡ ಆಗೈತೆ ಅಷ್ಟೆ."

ಅವರ ಮುಖ ಬದಲಾಯಿತು. ಬೇಳೆಯನ್ನು ಮರೆತೇಬಿಟ್ಟರು. "ಗುಳಿಗೆ ಹಾಕಿದ ಚೀಲ ಎಲ್ಲಿ ಇಡ್ತೀರಿ?"

"ಹಿಂದಿನ ಕೋಣೆಯೊಳಗೆ."

"ಅಲ್ಲಿ ಯಾರು ಮಲಗ್ತೀರಿ?"

"ನಾವೇ."

ಮೇಡಂ ಅವತ್ತು ನನ್ನ ಅಂಗಡಿಯಿಂದ ಕದಲಲಿಲ್ಲ. ನಮ್ಮನೆಯವರು ಬರುವವರೆಗೂ ಎಣ್ಣೆ ಡಬ್ಬದ ಮೇಲೆ ಕೂತಿದ್ದು, ಅವರು ಬಂದ ಕೂಡಲೇ ತರಗತಿ ಶುರು ಮಾಡಿದರು. ನುಸಿಗೆ ಹಾಕುವ ಆ ಗುಳಿಗೆ ನಿಜವಾಗಿ ಗುಳಿಗೆಯಲ್ಲ, ಗಾಳಿ. ಹವೆಯಲ್ಲಿನ ತೇವ ತಾಗಿದರೆ ವಿಷದ ಗಾಳಿಯಾಗಿ ಏಳುತ್ತದೆ. ಗೋಡೆಯ ಬಿರುಕು, ಬಾಗಿಲ ಸಂದು, ಎಲ್ಲಿ ದಾರಿಯಿದೆಯೋ ಅಲ್ಲಿ ನುಗ್ಗುತ್ತದೆ. ದೊಡ್ಡ ಉಗ್ರಾಣಗಳಲ್ಲಿ ತರಬೇತಿ ಆದವರು, ಹೊದಿಕೆ ಹಾಕಿ, ಜನರನ್ನು ದೂರ ಇಟ್ಟು ಬಳಸುವ ವಸ್ತು ಅದು. "ನುಸಿ ಸಾಯ್ತದೆ ಅಂದ್ರೆ ನೀವೂ ಸಾಯ್ತೀರಿ ಅಂತ ತಲೆಗೆ ಹೊಳಿಬೇಕು" ಅಂದರು. ನಮ್ಮನೆಯವರು ಅವತ್ತೇ ಹಿಂದಿನ ಕೋಣೆ ಖಾಲಿ ಮಾಡಿದರು. ಆಮೇಲೆ ನಮ್ಮಲ್ಲಿ ಗುಳಿಗೆ ಬರಲಿಲ್ಲ.

ಹಾಗಾದರೆ ಹುಳಕ್ಕೇನು ಮಾಡೋದು ಅಂತ ನಾನು ಕೇಳಿದ್ದಕ್ಕೇ ಅವರ ಎಣ್ಣೆಯ ಕೆಲಸ ನನಗೆ ಗೊತ್ತಾಯಿತು. ಕಾಲೇಜಿನಲ್ಲಿದ್ದಾಗಲೇ ಶುರು ಮಾಡಿದ್ದರಂತೆ. ವಠಾರದ ಹಿಂದಿನ ಅಂಗಳದಲ್ಲಿ ಒಂದು ಒಲೆ, ಒಂದು ಹಳೇ ಪ್ರೆಷರ್ ಕುಕ್ಕರು. ವಿಸಲ್ ಕೂರುವ ಜಾಗಕ್ಕೆ ನಳಿಗೆ ಸಿಕ್ಕಿಸಿ, ತಣ್ಣೀರಿನ ಬಕೆಟ್ಟಿನೊಳಗೆ ಸುರುಳಿ ಸುತ್ತಿಸಿ, ಅದರ ಇನ್ನೊಂದು ತುದಿಯನ್ನು ಗಾಜಿನ ಬಾಟಲಿಗೆ ಬಿಡುತ್ತಿದ್ದರು. ಕುಕ್ಕರಿನೊಳಗೆ ನಿಂಬೆಹುಲ್ಲು, ಇಲ್ಲವೇ ನೀಲಗಿರಿ ಸೊಪ್ಪು, ತುಳಸಿ, ಗಿಡಮೂಲಿಕೆ ಮಾರುವ ಗ್ರಂಥಿಗೆ ಅಂಗಡಿಯ ಬಜೆ. ಆವಿ ಹೋಗಿ ತಣ್ಣಗಾಗಿ ಹನಿ ಹನಿ ನೀರು ಬೀಳುತ್ತಿತ್ತು. ಆ ನೀರಿನ ಮೇಲೆ ಹಳದಿ ಬಣ್ಣದ ತೆಳ್ಳನೆ ಪೊರೆ. ಅಷ್ಟೇ ಎಣ್ಣೆ. ಒಂದು ಹೊರೆ ಹುಲ್ಲಿಗೆ ಅಂಗೈ ತೋಯುವಷ್ಟೂ ಸಿಗುತ್ತಿರಲಿಲ್ಲ.

ಹುಲ್ಲು ಕತ್ತರಿಸಿ ಕೊಡುತ್ತಿದ್ದವಳು ನಾನು ತಂಗಿ ಅಂತ ಕರೆಯುತ್ತಿದ್ದ ಅದೇ ವಠಾರದವಳು. ಹದಡಿಗೆ ಮದುವೆ ಮಾಡಿ ಕೊಟ್ಟಿದ್ದ ಹುಡುಗಿ. ಗಂಡ ಗೂಡ್ಸ್ ಆಟೋ ಓಡಿಸುತ್ತಿದ್ದುದರಿಂದ ಊರಲ್ಲಿ ಅತ್ತೆ ಮಾವನನ್ನು ಬಿಟ್ಟು ಇಲ್ಲಿ ಬಾಡಿಗೆಗೆ ಇದ್ದರು. ವಠಾರದ ಮೊದಲನೇ ಮನೆ ಅವರದು. ಒಬ್ಬಳೇ ಮಗಳು, ಆಗಷ್ಟೇ ಒಂದನೇ ಕ್ಲಾಸಿಗೆ ಸೇರಿದ್ದಳು. ಮೇಡಂ ಮೈಯೆಲ್ಲ ಎಣ್ಣೆಯ ವಾಸನೆ ಇರುತ್ತಿದ್ದರಿಂದ ಆ ಮಗು ಅವರನ್ನು ವಾಸ್ನೆಜ್ಜಿ ಅಂತ ಕರೆಯುತ್ತಿತ್ತು. ಕಾಲೇಜಿನ ದೊಡ್ಡ ದೊಡ್ಡ ಹುಡುಗರು ಹೆದರುತ್ತಿದ್ದ ಮನುಷ್ಯೆಯ ಸೆರಗು ಹಿಡಿದು ಜಗ್ಗುತ್ತಿತ್ತು. ಮೇಡಂ ಬೈಯುತ್ತಲೇ ಅದಕ್ಕೆ ಮಗ್ಗಿ ಕಲಿಸುತ್ತಿದ್ದರು.

ಎಣ್ಣೆಯ ಕೆಲಸದಲ್ಲಿ ಗೆದ್ದಿದ್ದಕ್ಕಿಂತ ಸೋತಿದ್ದೇ ಹೆಚ್ಚು, ಅದನ್ನೂ ಹೇಳಬೇಕು. ಮೊದಲ ಸಲ ನನ್ನ ಬೇಳೆ ಡಬ್ಬಕ್ಕೆ ಎಣ್ಣೆ ಜಾಸ್ತಿಯಾಗಿ, ಸಾರು ಸೋಪಿನ ವಾಸನೆ ಹೊಡೀತೈತೆ ಅಂತ ಗಿರಾಕಿಗಳು ಜಗಳಕ್ಕೆ ಬಂದರು. ಶಾಮನೂರಿನ ರೈತರೊಬ್ಬರು ಬಿತ್ತನೆಯ ಜೋಳಕ್ಕೆ ಹಾಕಿಕೊಂಡು ಹೋಗಿದ್ದರು. ಮೊಳಕೆ ಸರಿಯಾಗಿ ಬರಲಿಲ್ಲ. ಮೇಡಂ ಬಸ್ಸು ಹತ್ತಿ ಶಾಮನೂರಿಗೆ ಹೋಗಿ, ಹೊಲದ ಬದುವಿನಲ್ಲಿ ನಿಂತು ನೋಡಿ, "ನಂದೇ ತಪ್ಪು. ಬೀಜಕ್ಕೆ ಇದು ಬ್ಯಾಡ, ಉಣ್ಣೋ ಕಾಳಿಗೆ ಮಾತ್ರ" ಅಂತ ಅವರಿಗೂ ಹೇಳಿದರು, ವಾಪಸ್ ಬಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಕೊನೆಕೊನೆಗೆ ಹದ ಸಿಕ್ಕಿತ್ತು. ಚೆನ್ನಾಗಿ ಒಣಗಿಸಿದ ಕಾಳು, ಬಿಗಿ ಮುಚ್ಚಳದ ಡಬ್ಬ, ಹತ್ತಿಗೆ ಹಾಕಿದ ಎಣ್ಣೆ ಕಾಳಿಗೆ ತಾಗದಂತೆ ಮೇಲೆ ಕಟ್ಟಿ ತೂಗಬಿಡಬೇಕು. ವಾಸನೆ ಇಳಿದಾಗ ಮತ್ತೆ ಹಾಕಬೇಕು. ಹಾಗೆ ಮಾಡಿದ ಡಬ್ಬಗಳಲ್ಲಿ ನುಸಿ ಕಡಿಮೆಯಾಗಿದ್ದನ್ನು ನನ್ನ ಕಣ್ಣಾರೆ ಕಂಡಿದ್ದೇನೆ.

ಆದರೆ ಮೇಡಂ ಅಷ್ಟಕ್ಕೇ ನಿಲ್ಲಿಸುವವರಲ್ಲ. "ಕಾಳಿನ ಒಳಗೆ ಹೊಕ್ಕು ಕೂತ ಮರಿಗೆ ಇದು ಅಷ್ಟಾಗಿ ತಟ್ಟಲ್ಲ. ಮನೆ ಡಬ್ಬಕ್ಕೆ ಸೈ, ಗೋದಾಮಿಗೆ ಇದು ಸಾಲಲ್ಲ" ಅಂತ ಎಲ್ಲರಿಗೂ ತಾವಾಗಿಯೇ ಹೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಮಾರುವವರು ಯಾರಾದರೂ ಹೀಗೆ ಹೇಳುತ್ತಾರಾ? ಅವರೇನು ಮಾರುತ್ತಲೂ ಇರಲಿಲ್ಲ ಅನ್ನಿ. ಖಾಲಿ ಬಾಟಲಿಯ ದುಡ್ಡು ಮಾತ್ರ ನನ್ನ ಅಂಗಡಿಯಲ್ಲಿ ತೆಗೆದುಕೊಳ್ಳುತ್ತಿದ್ದೆವು. ಆ ಬಾಟಲಿ ದುಡ್ಡೇ ಮುಂದೆ ಅವರ ಕುತ್ತಿಗೆಗೆ ಬಂತು.

ವಠಾರದ ಮಾಲೀಕ ಕಾಳಿನ ವ್ಯಾಪಾರಿ. ಮಾರ್ಕೆಟ್ ಯಾರ್ಡಿನಲ್ಲಿ ಮಂಡಿ ಇತ್ತು, ಎಲ್ಲರೂ ಸಾವ್ಕಾರ್ರು ಅನ್ನುತ್ತಿದ್ದರು. ಮೆತ್ತಗಿನ ಮಾತಿನ ಮನುಷ್ಯ. ಯಾರಿಗೂ ಏಕವಚನ ಬಳಸುತ್ತಿರಲಿಲ್ಲ. ಆ ಮೆತ್ತನೆ ದನಿ ಈಗಲೂ ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ವಠಾರದ ಮುಂಭಾಗದಲ್ಲಿ, ತಂಗಿಯ ಮನೆಗೆ ಅಂಟಿಕೊಂಡಂತೆ, ಅವರದೊಂದು ಕೋಣೆ ಬೀಗ ಹಾಕಿಕೊಂಡು ಇತ್ತು. ನಡುವೆ ಒಂದೇ ಗೋಡೆ. ಗೋಡೆಯ ಮೇಲ್ಭಾಗದಲ್ಲಿ ಗಾಳಿಗೆಂದು ಬಿಟ್ಟಿದ್ದ ಕಿಂಡಿ. ಆ ವರ್ಷ ಜೋಳಕ್ಕೆ ರೇಟು ಬಿದ್ದಿದ್ದರಿಂದ, ಏರುವತನಕ ಇಟ್ಟುಕೊಳ್ಳೋಣ ಅಂತ ಮಂಡಿಯಲ್ಲಿ ಹಿಡಿಸದ ಚೀಲಗಳನ್ನು ತಂದು ಆ ಕೋಣೆಗೆ ಒಟ್ಟಿಸಿದರು.

ಚೀಲ ಇಳಿಸುವಾಗಲೇ ಮೇಡಂ ಹೋಗಿ ನಿಂತರು. ನಾನೂ ಜೊತೆಗಿದ್ದೆ.

"ಸಾವ್ಕಾರ್ರೆ, ನುಸಿಗೆ ಏನು ಹಾಕ್ತೀರಿ?"

"ಏನೂ ಇಲ್ರೀ ಮೇಡಮ್ಮೋರೆ. ನಿಮ್ಮ ಸೆಂಟೇ ಒಂದೀಟು ಕೊಡ್ರಿ, ಹುಳಗಳಿಗೆ ಮದುವಿ ಮಾಡಿಸಾನ" ಅಂದರು. ಹಮಾಲರು ನಕ್ಕರು.

ಮೇಡಂ ನಗಲಿಲ್ಲ. "ಚೀಲಕ್ಕೆ ನನ್ನ ಎಣ್ಣೆ ಸಾಲಲ್ಲ, ನಿಮಗೂ ಗೊತ್ತು. ನೀವು ಗುಳಿಗೆ ಹಾಕೋರೇ. ಹಾಕೋದಿದ್ರೆ ಈ ಮನೆಯವ್ರಿಗೆ ಮೊದ್ಲೇ ಹೇಳ್ರಿ, ಬ್ಯಾರೆ ಕಡೆ ಕಳಿಸ್ರಿ. ಆ ಕಿಂಡಿ ನೋಡಿದ್ರಾ? ಪಕ್ಕದಾಗ ಕೂಸು ಮಲಗ್ತೈತೆ."

"ಛೆ ಛೆ, ನಾನೂ ಮಕ್ಕಳೊಂದಿಗ ಅದೀನಿ ಮೇಡಮ್ಮೋರೆ. ಹೇಳದೆ ಹಾಕ್ತೀನೇನು?" ಅಂತ ಕೈ ಮುಗಿದರು.

ಹೇಳದೆ ಹಾಕಿದರು.

ಚಳಿಗಾಲ. ಆ ಮನೆಯ ಕಿಟಕಿ ಬಾಗಿಲು ಬಿಗಿಯಾಗಿ ಹಾಕಿದ್ದವು. ಗಂಡ ಲೋಡು ಹಾಕಿಕೊಂಡು ಹುಬ್ಬಳ್ಳಿ ಕಡೆ ಹೋಗಿದ್ದ. ಬೆಳಿಗ್ಗೆ ನಾನು ಶಟರ್ ಎತ್ತುತ್ತಿದ್ದಾಗ ತಂಗಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಬಂದವಳು ಹೊಸ್ತಿಲ ಮೇಲೇ ವಾಂತಿ ಮಾಡಿಕೊಂಡು ಕುಸಿದಳು. "ಅಕ್ಕಾ... ಕೂಸು ಏಳವಲ್ದು" ಅಂದಳು. ನಾನು ಒಳಗೆ ಓಡಿದೆ. ಮಗು ಹಾಸಿಗೆ ತುಂಬ ವಾಂತಿ ಮಾಡಿಕೊಂಡಿತ್ತು. ಕೈ ಕಾಲು ತಣ್ಣಗಿದ್ದವು, ಉಸಿರು ಇತ್ತು. ಆಟೋದಲ್ಲಿ ನನ್ನ ತೊಡೆಯ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ಒಮ್ಮೆ ಕಣ್ಣು ಬಿಟ್ಟು ನೀರು ಕೇಳಿತು... ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟಿತು.

ತಂಗಿ ಬದುಕಿದಳು. ಬದುಕಿದ್ದೇ ತಪ್ಪಾಯಿತೇನೋ ಅನ್ನುವ ಹಾಗೆ ಎಲ್ಲರೂ ಅವಳ ಮೇಲೆ ಬಿದ್ದರು. ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ, ನಿನ್ನೆ ಏನು ಉಂಡಿದ್ರಿ ಅಂತ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಅಂದಳು ಪಾಪ, ಇದ್ದದ್ದನ್ನು ಇದ್ದ ಹಾಗೆ. ಅಷ್ಟು ಸಾಕಾಯಿತು. ಹದಡಿಯಿಂದ ಬಂದ ಅತ್ತೆ, ಸಲೈನ್ ಹಾಕಿದ್ದ ಸೊಸೆಯ ಮಂಚದ ಪಕ್ಕ ನಿಂತು, "ಏನು ಹಾಕಿ ಕೊಟ್ಟೆ ನನ್ನ ಮೊಮ್ಮಗಳಿಗೆ?" ಅಂತ ಎದೆ ಬಡಿದುಕೊಂಡಳು. ತಂಗಿ ಮುಖವನ್ನು ನನ್ನ ಕಡೆ ತಿರುಗಿಸಿದಳು. ನನ್ನ ಕೈ ಹಿಡಿದು ಮೆಲ್ಲಗೆ ಒಂದೇ ಮಾತು ಹೇಳಿದಳು. "ನಿನ್ನೆ ಸಂಜೀಕೆ ಕೊಳೆತ ಬೆಳ್ಳುಳ್ಳಿ ವಾಸನೆ ಬರ್ತಿತ್ತಕ್ಕ. ಸಾವ್ಕಾರ್ರಿಗೆ ಫೋನ್ ಮಾಡಿ ಕೇಳಿದೆ. ಇಲಿ ಸತ್ತಿರಬೇಕು, ನಾಳೆ ತೆಗೆಸ್ತೀನಿ ಅಂದ್ರು."

ಮೇಡಂ ಆ ದಿನ ಹರಿಹರದಲ್ಲಿ ತಮ್ಮನ ಮನೆಯಲ್ಲಿದ್ದರು. ಫೋನಿನಲ್ಲಿ ಇಷ್ಟು ಹೇಳಿದೆ. ಬಸ್ಸು ಹಿಡಿದು ನೇರ ವಠಾರಕ್ಕೆ ಬಂದರು. ನಾನೂ ಆಸ್ಪತ್ರೆಯಿಂದ ಅಲ್ಲಿಗೇ ಹೋದೆ. ಹೋಗಿ ನೋಡಿದರೆ ಕೋಣೆಯ ಬಾಗಿಲು ಹಾರು ಹೊಡೆದಿತ್ತು, ಹಮಾಲರು ಮೂಗಿಗೆ ಟವೆಲ್ ಸುತ್ತಿಕೊಂಡು ಚೀಲಗಳನ್ನು ಟೆಂಪೋಗೆ ತುಂಬುತ್ತಿದ್ದರು. ಮಗು ಇನ್ನೂ ಆಸ್ಪತ್ರೆಯಲ್ಲೇ ಇತ್ತು. ಅದರ ಹೆಣ ಮನೆಗೆ ಬರುವ ಮೊದಲು ಜೋಳ ಸಾಗಿಸುವ ಅವಸರ.

ಮೇಡಂ ಟೆಂಪೋದ ಮುಂದೆ ನಿಂತುಕೊಂಡರು. "ಇಳಿಸ್ರಿ."

ಸಾವ್ಕಾರ್ರು ಹತ್ತಿರ ಬಂದರು. "ಸಾವಾಗಿರೋ ಜಾಗ ಇದು ಮೇಡಮ್ಮೋರೆ. ಇಂಥಾ ಟೈಮಿನಾಗ ಬಾಯಿ ಮಾಡೋದು ಬ್ಯಾಡ್ರಿ."

"ಸಾವು ಹೆಂಗಾತು ಅಂತ ತೋರಿಸ್ತೀನಿ, ನಿಲ್ರಿ" ಅಂದವರೇ, ಕೈಗೆ ಸೆರಗು ಸುತ್ತಿಕೊಂಡು, ಹತ್ತಿರದ ಚೀಲದ ಹೊಲಿಗೆ ಬಿಚ್ಚಿದರು. ಜೋಳದ ನಡುವಿನಿಂದ ಒಂದು ಬಟ್ಟೆಯ ಗಂಟು ಸಿಕ್ಕಿತು. ಗಂಟಿನಲ್ಲಿ ಬೂದು ಬಣ್ಣದ ಪುಡಿ. ಗುಳಿಗೆ ಗಾಳಿಯಾಗಿ ಹೋದ ಮೇಲೆ ಉಳಿಯುವುದು ಅದೇ. ಎತ್ತಿ ಹಿಡಿದು ವಠಾರದ ಒಬ್ಬೊಬ್ಬರ ಮುಖಕ್ಕೂ ತೋರಿಸಿದರು. "ನೋಡ್ರಿ. ಎಲ್ಲರೂ ನೋಡ್ರಿ. ನಾಳೆ ನೋಡಿಲ್ಲ ಅನಬ್ಯಾಡ್ರಿ."

ಎಲ್ಲರೂ ನೋಡಿದರು. ಮರುದಿನ ಎಲ್ಲರೂ ನೋಡಿಲ್ಲ ಅಂದರು.

ಠಾಣೆಯವರು ಬರುವ ಹೊತ್ತಿಗೆ ಟೆಂಪೋ ಹೋಗಿಯಾಗಿತ್ತು, ಕೋಣೆಗೆ ಫಿನಾಯಿಲ್ ಹಾಕಿ ತೊಳೆದಾಗಿತ್ತು. ಮೇಡಂ ಹತ್ತಿರ ಆ ಗಂಟೊಂದೇ ಉಳಿದಿತ್ತು. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಠಾಣೆಯವರ ಕೈಗೆ ಕೊಟ್ಟರು. ಅದು ಎಲ್ಲಿ ಹೋಯಿತು ಅನ್ನುವುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮರುದಿನ ಪೇಪರಿನಲ್ಲಿ ಸಣ್ಣ ಸುದ್ದಿ ಬಂತು. ವಿಷಾಹಾರ ಸೇವನೆ, ಬಾಲಕಿ ಸಾವು, ತಾಯಿ ಪಾರು. ಊರು ಅದನ್ನೇ ಓದಿತು. ಬದನೆಕಾಯಿಗೆ ಹೊಡೆದ ಔಷಧಿ ಇರಬೇಕು ಅಂತ ಒಬ್ಬರು, ತಂಗಳು ಇಟ್ಟಿರಬೇಕು ಅಂತ ಇನ್ನೊಬ್ಬರು. ನನ್ನ ಅಂಗಡಿಯ ಮುಂದೆ ನಿಂತು ಹೀಗೆ ಮಾತಾಡಿದವರಿಗೆ ನಾನು ಸಾಮಾನು ಕೊಡಲಿಲ್ಲ. ಅದರಿಂದ ಯಾರಿಗೇನಾಯಿತು? ಪಕ್ಕದ ಅಂಗಡಿಗೆ ಹೋದರು.

ಮೇಡಂ ಠಾಣೆಗೆ ಹೋದರು, ದೊಡ್ಡ ಆಸ್ಪತ್ರೆಗೆ ಹೋದರು, ಆಫೀಸು ಆಫೀಸು ತಿರುಗಿದರು. ನಾನು ಅಂಗಡಿಗೆ ನಮ್ಮನೆಯವರನ್ನು ಕೂರಿಸಿ ಜೊತೆಗೆ ಹೋಗುತ್ತಿದ್ದೆ. ಎಲ್ಲ ಕಡೆ ಕೂಡ್ರಿ ಅಂದರು, ಚಹಾ ಕೊಟ್ಟರು, ಯಾರೂ ಬರೆದುಕೊಳ್ಳಲಿಲ್ಲ. ಆಸ್ಪತ್ರೆಯ ಡಾಕ್ಟರೊಬ್ಬರು ಮಾತ್ರ ಬಾಗಿಲು ಹಾಕಿ, "ನೀವು ಹೇಳೋದು ಸರಿ ಇರಬಹುದು ಮೇಡಂ, ಆದ್ರೆ ನನ್ನ ಬಾಯಿಂದ ಹೇಳಿಸಬ್ಯಾಡ್ರಿ" ಅಂದರು. ಇರಬಹುದು. ಇರಬಹುದು ಅಂತ ಗೊತ್ತಿದ್ದೂ ಬಾಗಿಲು ಹಾಕಿಕೊಂಡು ಹೇಳಿದ ಆ ಮಾತಿನ ಮೇಲೆ ನನಗೆ ಸಾವ್ಕಾರ್ರ ಮೇಲಿನಷ್ಟೇ ಸಿಟ್ಟಿದೆ.

ಒಂದು ದಿನ ಠಾಣೆಯಲ್ಲಿ ಸಾವ್ಕಾರ್ರೂ ಕೂತಿದ್ದರು. ಮೇಜಿನ ಆಚೆಯ ಅಧಿಕಾರಿ ಮೇಡಂ ಮಾತನ್ನೆಲ್ಲ ಕೇಳಿ, ಪೆನ್ನು ಕೆಳಗಿಟ್ಟು, ತಣ್ಣಗೆ ಕೇಳಿದರು. "ನೀವು ಅದೇನೋ ಎಣ್ಣೆ ಮಾರ್ತೀರಂತಲ್ಲ ಮೇಡಂ, ಎದುರಿಗಿನ ಅಂಗಡಿಯೊಳಗೆ? ಗುಳಿಗೆ ಹೆಸರು ಕೆಟ್ರೆ ನಿಮ್ಮ ಎಣ್ಣೆಗೆ ವ್ಯಾಪಾರ ಆಗ್ತೈತೆ. ಅದಕ್ಕೇ ಇಷ್ಟು ಓಡಾಟ ಅಂತ ಜನ ಮಾತಾಡ್ತಾರೆ."

ಮೇಡಂ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ಹೊರಗೆ ನಡೆದರು. ಸಾವ್ಕಾರ್ರು ತಲೆ ತಗ್ಗಿಸಿ ಕೂತಿದ್ದರು, ಅವರಿಗೇ ನಾಚಿಕೆಯಾದವರಂತೆ.

ಮರುದಿನ ಬೆಳಿಗ್ಗೆ ವಠಾರದ ತುಂಬ ವಾಸನೆ. ನಾನು ಓಡಿ ಹೋದಾಗ ಮೇಡಂ ಬಚ್ಚಲ ಮುಂದೆ ಕುಕ್ಕುರುಗಾಲಲ್ಲಿ ಕೂತು, ಒಂದೊಂದೇ ಬಾಟಲಿ ತೆಗೆದು ಸುರಿಯುತ್ತಿದ್ದರು. ನಿಂಬೆಹುಲ್ಲು, ತುಳಸಿ, ನೀಲಗಿರಿ, ಬಜೆ. ಹೊರೆ ಹೊರೆ ಸೊಪ್ಪು ಕಾಯಿಸಿ ಹನಿಹನಿಯಾಗಿ ಹಿಡಿದದ್ದು. ನಾನು ಕೈ ಹಿಡಿದೆ.

"ಯಾಕ ಮೇಡಂ, ಬ್ಯಾಡ್ರಿ. ಇಷ್ಟು ವರ್ಷದ ಕೆಲಸ."

"ಬಿಡವ್ವ. ಇದು ಇರೋತನಕ ನನ್ನ ಮಾತು ವ್ಯಾಪಾರದ ಮಾತು. ಆ ಕೂಸಿನ ಸಾವು ನನ್ನ ಎಣ್ಣೆಗೆ ಜಾಹೀರಾತು ಆಗಬಾರದು."

ಬಾಟಲಿಗಳನ್ನು ತೊಳೆದು ಗುಜರಿಗೆ ಹಾಕಿದರು. ಕುಕ್ಕರಿನ ನಳಿಗೆ ಕಿತ್ತು ಬಿಸಾಕಿದರು. ವಠಾರದ ಹೆಂಗಸರು ಬಾಗಿಲಿಗೆ ಬಂದು, ಏನು ಘಮ ಅಂತ ಮೂಗು ಅರಳಿಸಿ ಒಳಗೆ ಹೋದರು. ಅದೇ ದಿನ ಮೇಡಂ ಮತ್ತೆ ಠಾಣೆಗೆ ಹೋಗಿ, "ಈಗ ನನ್ನ ಹತ್ರ ಮಾರೋದು ಏನೂ ಇಲ್ಲ. ಈಗಾದ್ರೂ ಬರ್ಕೊಳ್ರಿ" ಅಂದರು. ನೋಡೋಣ ಅಂದರಂತೆ.

ಏನು ನೋಡಿದರು? ತಂಗಿಯ ಗಂಡನ ಕಡೆಯವರನ್ನು ಕರೆಸಿ ರಾಜಿ ಮಾಡಿಸಿದರು. ವಠಾರದ ಮನೆ ಖಾಲಿಯಾಯಿತು, ತಂಗಿಯನ್ನು ಹದಡಿಗೆ ಕರೆದುಕೊಂಡು ಹೋದರು. ಸಾವ್ಕಾರ್ರು ಮೇಡಂಗೂ ಮನೆ ಬಿಡಲು ಹೇಳಿದರು, ಅದೇ ಮೆತ್ತನೆ ದನಿಯಲ್ಲಿ. ರಿಪೇರಿ ಮಾಡಿಸಬೇಕಾಗೈತಿ ಮೇಡಮ್ಮೋರೆ ಅಂತ. ಅವರು ಹರಿಹರಕ್ಕೆ, ಟೀವಿ ಗಲಾಟೆಯ ಮನೆಗೇ ವಾಪಸ್ ಹೋದರು.

ಹೋಗಿ ಸ್ವಲ್ಪ ದಿನಕ್ಕೆ ಫೋನ್ ಮಾಡಿ, ಹದಡಿಗೆ ಹೋಗಬೇಕು ಬಾ ಅಂದರು. ಹೋದೆವು. ತಂಗಿ ಪಡಸಾಲೆಯ ಮೂಲೆಯಲ್ಲಿ ಕೂತಿದ್ದಳು, ಅರ್ಧ ಆಗಿದ್ದಳು. ಅವಳನ್ನು ಒಲೆಯ ಹತ್ತಿರ ಬಿಡುವುದಿಲ್ಲ ಅಂತ ತಿಳಿಯಿತು. ದನದ ಕೆಲಸ, ಹೊಲದ ಕೆಲಸ ಮಾಡಬಹುದು. ಅಡುಗೆ ಮುಟ್ಟುವ ಹಾಗಿಲ್ಲ. ಅತ್ತೆ ಚಹಾ ತಂದಿಟ್ಟಳು. ಮೇಡಂ ಲೋಟ ಮುಟ್ಟಲಿಲ್ಲ.

"ಹಸಿವಾಗೈತೆ ನನಗೆ. ಅವಳ ಕೈಲೆ ಅಡಿಗಿ ಮಾಡಸ್ರಿ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ."

ತಂಗಿ ತಲೆ ಅಲ್ಲಾಡಿಸಿ, "ಬ್ಯಾಡ್ರಿ ಮೇಡಂ, ನನ್ನ ಕೈಲೆ ಆಗಲ್ಲ" ಅಂದಳು. ಮೇಡಂ ಗದರಿದರು, ಕಾಲೇಜಿನ ಹುಡುಗರನ್ನು ಗದರಿದ ಹಾಗೆ. "ಏಳು. ನಿನ್ನ ಕೈಗೆ ಏನೂ ಆಗಿಲ್ಲ. ನಾನು ಕಾಯ್ತೀನಿ."

ಕಾದರು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತು ನಿಂತು ಕೇಳುತ್ತಿತ್ತು. ತಟ್ಟೆ ತಂದಿಡುವಾಗ ಎಣ್ಣೆಗಾಯಿಯ ರಸ ನೆಲಕ್ಕೆ ಚೆಲ್ಲಿತು. ಮೇಡಂ ಉಂಡರು. ಅತ್ತೆ, ಮಾವ, ಗಂಡ, ಬಾಗಿಲಿಗೆ ಬಂದು ನಿಂತಿದ್ದ ಓಣಿಯ ಜನ, ಎಲ್ಲರ ಎದುರಿಗೆ ನಿಧಾನವಾಗಿ ಉಂಡು, ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ನಾನೂ ಉಂಡೆ. ಕೈ ತೊಳೆದುಕೊಂಡು ಬಂದು ಮೇಡಂ ಅವಳ ಗಂಡನ ಕಡೆ ತಿರುಗಿದರು.

"ನಿನ್ನ ಮಗಳನ್ನ ಕೊಂದದ್ದು ಇದಲ್ಲಪ್ಪ. ಪಕ್ಕದ ಕೋಣೆ ಗುಳಿಗೆ. ನೀನು ರಾಜಿ ಮಾಡ್ಕೊಂಡಿದ್ದಿ, ಅದು ನಿನ್ನಿಷ್ಟ. ಆದ್ರೆ ಹೆಂಡತಿನ್ನ ಕೊಲೆಗಾರ್ತಿ ಮಾಡಬ್ಯಾಡ."

ಅವನು ಗೋಡೆಗೆ ಮುಖ ಮಾಡಿ ನಿಂತ. ತಂಗಿ ಅಡುಗೆಮನೆಯೊಳಗೆ ಕೂತು ದನಿ ತೆಗೆದು ಅತ್ತಳು. ಮಗು ಹೋದ ಮೇಲೆ ಅವಳು ಅತ್ತಿದ್ದು ಅವತ್ತೇ ಮೊದಲು ಅಂತ ಅತ್ತೆ ಹೇಳಿದಳು, ತಾನೂ ಕಣ್ಣು ಒರೆಸಿಕೊಂಡು. ಆಮೇಲೆ ಅವಳನ್ನು ಒಲೆಯಿಂದ ದೂರ ಇಡುವುದನ್ನು ಬಿಟ್ಟರಂತೆ. ಆ ಇಡೀ ಹೋರಾಟದಲ್ಲಿ ಮೇಡಂ ಗೆದ್ದದ್ದು ಅಷ್ಟೇ, ಒಂದು ಒಲೆ.

ಮತ್ತೆ ಅವರು ಎಣ್ಣೆ ತೆಗೆಯಲಿಲ್ಲ. ಹರಿಹರಕ್ಕೆ ಹೋದಾಗಲೆಲ್ಲ ನಾನು ಕೇಳುತ್ತಿದ್ದೆ. "ಯಾರಿಗೆ?" ಅನ್ನುತ್ತಿದ್ದರು. ಹೊಳೆಯ ಕಡೆಗೆ ಮುಖ ಮಾಡಿ ಕೂರುತ್ತಿದ್ದರು... ಒಂದು ಬೇಸಿಗೆಯಲ್ಲಿ ಹೃದಯಾಘಾತವಾಗಿ ಹೋದರು. ಮಣ್ಣಿಗೆ ಹಳೇ ವಿದ್ಯಾರ್ಥಿಗಳು ಬಂದಿದ್ದರು, ಹದಡಿಯಿಂದ ತಂಗಿ ಗಂಡನ ಜೊತೆ ಬಂದಿದ್ದಳು. ವಠಾರದಿಂದ ಒಬ್ಬರೂ ಬರಲಿಲ್ಲ. ನಿವೃತ್ತ ಉಪನ್ಯಾಸಕಿ ನಿಧನ ಅಂತ ಪೇಪರಿನವರು ಹಾಕಿದರು. ಅವರು ಏನು ಬಿಟ್ಟರು, ಯಾಕೆ ಬಿಟ್ಟರು ಅನ್ನುವುದು ಯಾವ ಪೇಪರಿಗೂ ಬೇಕಾಗಿರಲಿಲ್ಲ.

ಸಾವ್ಕಾರ್ರು ಚೆನ್ನಾಗಿದ್ದಾರೆ. ಮಂಡಿ ದೊಡ್ಡದಾಗಿದೆ. ಸಭೆ ಸಮಾರಂಭಗಳಲ್ಲಿ ಶಾಲು ಹೊದಿಸುತ್ತಾರೆ, ಫೋಟೋ ಬರುತ್ತದೆ. ಆ ಕೋಣೆಯಲ್ಲಿ ಈ ವರ್ಷ ಮತ್ತೆ ಚೀಲಗಳು ಬಂದಿವೆ.

ಹೋದ ತಿಂಗಳು ಆ ಮೊದಲನೇ ಮನೆಗೆ ಹೊಸ ಸಂಸಾರ ಬಂತು. ಗಂಡ ಹೆಂಡತಿ, ಎದೆಹಾಲು ಕುಡಿಯುವ ಕೂಸು. ಸಾಮಾನು ಇಳಿಸುತ್ತಿದ್ದಾಗಲೇ ಹೋಗಿ ಎಲ್ಲವನ್ನೂ ಹೇಳಿದೆ, ಗೋಡೆಯ ಕಿಂಡಿ ತೋರಿಸಿದೆ. ಹೆಂಡತಿ ಕೂಸನ್ನು ಎದೆಗವಚಿಕೊಂಡಳು. ಇಳಿಸಿದ ಸಾಮಾನನ್ನೇ ಮತ್ತೆ ಗಾಡಿಗೆ ಹಾಕಿಕೊಂಡು ಹೊರಟುಹೋದರು. ಹೋಗುವಾಗ ಆ ಹುಡುಗ ನನ್ನನ್ನು ಅನುಮಾನದಿಂದಲೇ ನೋಡಿದ, ಇವಳಿಗೆ ಇದರಲ್ಲಿ ಏನು ಲಾಭ ಅನ್ನುವ ಹಾಗೆ. ಸಂಜೆ ಸಾವ್ಕಾರ್ರು ಅಂಗಡಿಯ ಮುಂದೆ ಕಾರು ನಿಲ್ಲಿಸಿದರು, ಇಳಿಯಲಿಲ್ಲ.

"ಯಾಕವ್ವ, ಹಳೇದೆಲ್ಲ ಯಾಕ ಎತ್ತತೀಯ? ನಿನಗ್ಯಾಕ ಊರ ಉಸಾಬರಿ?"

ಮೊದಲ ಸಲ ಏಕವಚನ ಬಂತು ಆ ಬಾಯಲ್ಲಿ. ನನಗೆ ಅದೇ ಸಮಾಧಾನ. "ಗುಳಿಗೆ ಹಾಕಿದೀರಾ ಇಲ್ಲಾ, ಅಷ್ಟು ಹೇಳ್ರಿ" ಅಂದೆ. ಗಾಜು ಏರಿಸಿಕೊಂಡು ಹೋದರು.

ಈಗ ಆ ಬಾಗಿಲಿಗೆ ಮನೆ ಬಾಡಿಗೆಗಿದೆ ಅನ್ನುವ ರಟ್ಟು ನೇತುಹಾಕಿದ್ದಾರೆ. ಕೌಂಟರಿನಲ್ಲಿ ಕೂತರೆ ನನಗೆ ನೇರ ಅದೇ ಕಾಣುತ್ತದೆ. ಯಾರಾದರೂ ಅದರ ಮುಂದೆ ಗಾಡಿ ನಿಲ್ಲಿಸಿದರೆ ತೂಕಕ್ಕೆ ಹಾಕಿದ್ದನ್ನು ಹಾಗೇ ಬಿಟ್ಟು ರಸ್ತೆ ದಾಟುತ್ತೇನೆ. ಗಿರಾಕಿಗಳು ಬೇಸರ ಮಾಡಿಕೊಳ್ಳುತ್ತಾರೆ, ನಮ್ಮನೆಯವರು ಗೊಣಗುತ್ತಾರೆ. ಮೇಡಂ ಇದ್ದಾಗ ಅವರು ಮುಂದೆ ನಡೆಯುತ್ತಿದ್ದರು, ನಾನು ಅವರ ಹಿಂದೆ ಹೋಗಿ ನಿಂತರೆ ಸಾಕಾಗುತ್ತಿತ್ತು. ಈಗ ನನ್ನ ಮುಂದೆ ಯಾರೂ ಇಲ್ಲ.